ಅಪಘಾತದ ಗಾಯಾಳು: ಮೊದಲ ತಪಾಸಣೆಯ ಕ್ರಮ

ಅಮ್ಮಿನಬಾವಿ (ಧಾರವಾಡ): ಧಾರವಾಡ-ಸವದತ್ತಿ ರಸ್ತೆಯ ಅಮ್ಮಿನಬಾವಿ ಬಳಿ ಅಪಘಾತ ಸಂಭವಿಸಿದರೆ ತೀವ್ರವಾಗಿ ಗಾಯಗೊಂಡವರನ್ನು ಧಾರವಾಡ ಇಲ್ಲವೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿಯವರೆಗೆ ಜೀವ ಕಾಯುವ ಹೊಣೆ, 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108 'ಆರೋಗ್ಯ ಕವಚ' ಆಂಬುಲೆನ್ಸ್‌ನ ತುರ್ತು ವೈದ್ಯಕೀಯ ತಂತ್ರಜ್ಞರದ್ದು.

ತರಬೇತಿಯಲ್ಲಿ ಸಹಪಾಠಿಯನ್ನೇ ಗಾಯಾಳುವಾಗಿ ಮಲಗಿಸಿ, ಪ್ರತಿ ಹಂತವನ್ನೂ ಬಾಯಿಬಿಟ್ಟು ಹೇಳುತ್ತ ಅಭ್ಯಾಸ ನಡೆಸಲಾಗುತ್ತದೆ. ಸ್ಥಳ ಸುರಕ್ಷಿತವೇ ಎಂಬುದು ಮೊದಲ ಪ್ರಶ್ನೆ. ಬಳಿಕ ಧಾರಾಕಾರ ರಕ್ತಸ್ರಾವಕ್ಕೆ ತಡೆ. ಕುತ್ತಿಗೆ ಅಲುಗದಂತೆ ಹಿಡಿದು ಶ್ವಾಸಮಾರ್ಗ, ಉಸಿರಾಟ, ನಾಡಿ, ಪ್ರಜ್ಞೆಯ ಮಟ್ಟಗಳ ಪರೀಕ್ಷೆ. ಕೊನೆಗೆ ಬಟ್ಟೆ ಸರಿಸಿ ಮರೆಯಲ್ಲಿರುವ ಗಾಯಗಳ ಶೋಧ. ಎದ್ದು ಕಾಣುವ ಮೂಳೆಮುರಿತಕ್ಕಿಂತ ಕಟ್ಟಿದ ಉಸಿರು ಬೇಗ ಪ್ರಾಣ ತೆಗೆಯುತ್ತದೆ. ಆದ್ದರಿಂದಲೇ ಈ ಅನುಕ್ರಮ.

ಸ್ಥಿತಿ ಗಂಭೀರವಿದ್ದರೆ ತಲೆಯಿಂದ ಪಾದದವರೆಗಿನ ವಿವರವಾದ ತಪಾಸಣೆಗೆ ಕಾಯದೆ ಹೊರಡಬೇಕು. ದಾರಿಯುದ್ದಕ್ಕೂ 5 ನಿಮಿಷಕ್ಕೊಮ್ಮೆ ಮರುಪರೀಕ್ಷೆ ನಡೆಯಬೇಕು.