‘ಸಿದ್ಧಾಯ’: ಶಬ್ದಾರ್ಥ ಮತ್ತು ಪ್ರಯೋಗ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯು ಪ್ರಾಚೀನ ನೊಳಂಬವಾಡಿ 32000ದ ಭಾಗವಾಗಿದ್ದು, ಅನಂತರ ಹೊಯ್ಸಳರ ಹಾಗೂ ವಿಜಯನಗರದರಸರ ಆಳಿಕೆಗೆ ಸೇರಿತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಈ ಕಾಲದ ದತ್ತಿಶಾಸನಗಳನ್ನು ಓದುವವರು ಅರಿತಿರಬೇಕಾದ ಶಬ್ದಗಳಲ್ಲಿ ‘ಸಿದ್ಧಾಯ’ವು ಮುಖ್ಯವಾದುದು.

‘ಸಿದ್ಧ’ ಮತ್ತು ‘ಆಯ’ ಎಂಬೆರಡು ಪದಗಳು ಸವರ್ಣದೀರ್ಘಸಂಧಿಯಿಂದ ಕೂಡಿ ಈ ಶಬ್ದವಾಗಿದೆ. ಇಲ್ಲಿ ಸಿದ್ಧವೆಂದರೆ ನಿಶ್ಚಿತವಾದುದು, ಆಯವೆಂದರೆ ಉತ್ಪತ್ತಿ. ಊರೊಂದರಿಂದ ಅರಮನೆಗೆ ಸಲ್ಲಬೇಕೆಂದು ಗೊತ್ತುಪಡಿಸಿದ ಕಂದಾಯವೇ ಸಿದ್ಧಾಯ. ಸರಕು ಬಂದುಹೋದಂತೆ ಏರಿಳಿಯುವ ಸುಂಕಕ್ಕಿಂತ ಇದು ಬೇರೆ. ಇದರ ಮೊತ್ತವನ್ನು ಸಾಮಾನ್ಯವಾಗಿ ಗದ್ಯಾಣಗಳಲ್ಲಿ ಹೇಳಿ, ‘ಗ’ ಎಂಬ ಸಂಕೇತಾಕ್ಷರದ ಮುಂದೆ ಅಂಕಿಯನ್ನು ಬರೆಯುವುದುಂಟು. ಹತ್ತು ಹಣಕ್ಕೆ ಒಂದು ಗದ್ಯಾಣ.

ಜೈನ ಗ್ರಂಥಸಂಪಾದಕರಿಗೆ ಇಲ್ಲೊಂದು ತೊಡಕುಂಟು. ಮಂಗಳವಾಕ್ಯದಲ್ಲಿ ‘ನಮಃ’ ಶಬ್ದದ ಯೋಗದಿಂದ ಬರುವ ‘ಸಿದ್ಧಾಯ’ವು ಸಿದ್ಧಪರಮೇಷ್ಠಿವಾಚಕದ ಚತುರ್ಥೀ ಏಕವಚನರೂಪ. ಅಕ್ಷರಗಳು ಒಂದೇ ಆದರೂ ಅರ್ಥಗಳು ಸರ್ವಥಾ ಭಿನ್ನ. ಓಲೆ ಮುರಿದು ವಾಕ್ಯ ತ್ರುಟಿತವಾದಲ್ಲಿ ಭ್ರಾಂತಿಗೆ ಅವಕಾಶವಿದೆ. ‘ಸಿದ್ಧಾಯವಂ’, ‘ಸಿದ್ಧಾಯದೊಳಗೆ’ ಎಂದು ಕನ್ನಡ ವಿಭಕ್ತಿ ಹತ್ತಿದ್ದರೆ, ಇಲ್ಲವೆ ಗದ್ಯಾಣದ ಲೆಕ್ಕ ಹಿಂಬಾಲಿಸಿದ್ದರೆ ಅದು ತೆರಿಗೆಯೇ ಸರಿ.

ಇದಕ್ಕಿಂತ ಗುರುತರವಾದುದು ದತ್ತಿಯ ಸ್ವರೂಪನಿರ್ಣಯ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿಯಂತಹ ಹೊಯ್ಸಳಕಾಲದ ಬಸದಿಗಳಲ್ಲಿ ಅಷ್ಟವಿಧಾರ್ಚನೆ, ಋಷಿಗಳ ಆಹಾರದಾನ, ಜೀರ್ಣೋದ್ಧಾರಗಳು ದತ್ತಿಗಳನ್ನೇ ಅವಲಂಬಿಸಿದ್ದುವು. ಗದ್ದೆ ಬೆದ್ದಲೆಗಳನ್ನು ಎಲ್ಲೆಕಟ್ಟಿ ಬಿಡುವುದು ಒಂದು ಬಗೆ. ಸಿದ್ಧಾಯವನ್ನು ಬಿಡುವುದು ಮತ್ತೊಂದು. ಎರಡನೆಯದರಲ್ಲಿ ಒಕ್ಕಲುಗಳ ಭೂಮಿ ಕೈಬದಲಾಗುವುದಿಲ್ಲ. ಅರಮನೆಗೆ ಸಲ್ಲುತ್ತಿದ್ದ ಹಣ ಬಸದಿಗೆ ಸಲ್ಲುತ್ತದೆ. ಸಿದ್ಧಾಯದ ಒಂದಂಶವನ್ನಷ್ಟೇ ಬಿಟ್ಟಿದ್ದರೆ ಉಳಿದುದು ಅರಮನೆಯದೇ. ‘ಸರ್ವಬಾಧಾಪರಿಹಾರ’ವೆಂಬ ಮಾತು ಕೂಡಿದ್ದರೆ ಇತರ ತೆರಿಗೆಗಳ ವಿನಾಯಿತಿಯೂ ಅದರಿಂದ ಸೂಚಿತವಾಗುತ್ತದೆ.

ಆದುದರಿಂದ ಸಿದ್ಧಾಯದತ್ತಿಯನ್ನು ಭೂದಾನವೆಂದು ಅನುವಾದಿಸಿದರೆ ಬಸದಿಗೆ ಇಲ್ಲದ ಒಡೆತನವನ್ನು ಕಲ್ಪಿಸಿದಂತೆ. ಒಕ್ಕಲಿನ ಹಕ್ಕನ್ನು ಮರೆಸಿದಂತೆಯೂ ಹೌದು. ಒಂದು ಶಬ್ದದ ಅರ್ಥನಿಷ್ಕರ್ಷೆಯಿಂದ ಬಸದಿಯ ಚರಿತ್ರೆಯೂ ಊರಿನ ಚರಿತ್ರೆಯೂ ಒಟ್ಟಿಗೆ ನೇರ್ಪಡುತ್ತವೆ.