ಹನ್ನೆರಡು ದಿನದ ಕುದುರೆ

ನಮ್ಮೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಜಟಕಾ ಸ್ಟ್ಯಾಂಡ್ ಇತ್ತು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಏಳೆಂಟು ಜಟಕಾಗಳಾದರೂ ಅಲ್ಲಿ ನಿಂತಿರುತ್ತಿದ್ದವು. ಆಮೇಲೆ ಆಟೋಗಳು ಬಂದು ಒಂದೊಂದಾಗಿ ಮಾಯವಾದವು ಅನ್ನಿ. ಅಲ್ಲಿದ್ದ ಒಬ್ಬ ಸಾಬರಿಗೆ ಜಟಕಾ ಹೊಡೆಯುವುದಕ್ಕಿಂತ ಇನ್ನೊಂದು ಕಸುಬಿನಲ್ಲಿ ಹೆಚ್ಚು ಹೆಸರಿತ್ತು. ಜಾತ್ರೆಯಲ್ಲಿ ಎರಡು ಮೂರು ವರ್ಷದ ತಟ್ಟು ಕುದುರೆಗಳನ್ನು ಅಗ್ಗಕ್ಕೆ ತಂದು, ಪಳಗಿಸಿ, ಮಾರುವುದು. ಗಾಡಿಗೆ ಕಟ್ಟುವ ಮೊದಲು ಬೆನ್ನ ಮೇಲೆ ಮನುಷ್ಯರನ್ನು ಕೂರಿಸಿಕೊಳ್ಳುವುದನ್ನು ಕಲಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ಬತ್ತಿದ ಹೊಳೆಯ ಮರಳೇ ಅವರ ಶಾಲೆ. ಮೊಣಕಾಲುದ್ದ ಹೂತುಹೋಗುವ ಮರಳಿನಲ್ಲಿ ಕುದುರೆಗೆ ಎಗರಾಡುವುದು ಕಷ್ಟ, ಸವಾರ ಬಿದ್ದರೂ ಮೂಳೆ ಮುರಿಯುವುದಿಲ್ಲ. ನಾವು ಹುಡುಗರೆಲ್ಲ ದಂಡೆಯ ಮೇಲೆ ಕೂತು ಸಾಬರು ಯಾವಾಗ ಬೀಳುತ್ತಾರೋ ಅಂತ ಕಾಯುತ್ತಿದ್ದೆವು!

ನಮ್ಮ ಚಿಕ್ಕಪ್ಪನಿಗೆ ಒಂದು ವರ್ಷ ಜಾತ್ರೆಗೆ ಸ್ವಂತ ಕುದುರೆ ಮೇಲೆ ಹೋಗಬೇಕು ಅನ್ನೋ ಹುಚ್ಚು ಹತ್ತಿತು. ಸಾಬರ ಹತ್ತಿರ ಒಂದು ಕಂದು ಬಣ್ಣದ ಮರಿ ಇತ್ತು. ತಂದು ಇನ್ನೂ ಹನ್ನೆರಡು ದಿನ. "ಇದು ಈಗ ಬೇಡ ಸ್ವಾಮಿ, ಇನ್ನೂ ನಾಕು ತಿಂಗಳು ಬಿಡಿ" ಅಂದರು ಸಾಬರು. "ಏನ್ ಸಾಬ್ರೆ, ಇಷ್ಟು ಸಾಧು ಇದೆ, ಮಕ್ಕಳು ಹತ್ತಿದ್ರೂ ಸುಮ್ನಿರುತ್ತೆ" ಅಂತ ಚಿಕ್ಕಪ್ಪ. ಅದಕ್ಕೆ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ. "ಹೊಟ್ಟೆಗಿಲ್ಲದ ಕುದುರೆ ಎಲ್ಲಾ ಸಾಧುನೇ ಸ್ವಾಮಿ. ಹುರುಳಿ ತಿಂದ ಮೇಲೆ ಅದರ ಗುಣ ನೋಡ್ಬೇಕು." ಚಿಕ್ಕಪ್ಪ ಕೇಳಲಿಲ್ಲ. ಮುಂದೇನಾಯಿತು ಅನ್ನೋದನ್ನು ಕೊನೆಗೆ ಹೇಳ್ತೀನಿ.

ಈ ಹಳೇ ಕತೆ ನೆನಪಾಗಿದ್ದು ಒಂದು ಪದದಿಂದ. ಎಳೇ ಕುದುರೆಗೆ ಸವಾರಿ ಕಲಿಸುವುದಕ್ಕೆ ಇಂಗ್ಲಿಷಿನಲ್ಲಿ 'ಬ್ರೇಕಿಂಗ್' ಅನ್ನುತ್ತಾರೆ, ಅಂದರೆ ಮುರಿಯುವುದು. ನಾವು 'ಪಳಗಿಸುವುದು' ಅಂತೀವಿ. ಪಳಗಿದ ಕೈ ಅಂದರೆ ನುರಿತ ಕೈ ತಾನೆ? ಒಂದೇ ಕೆಲಸಕ್ಕೆ ಎಷ್ಟು ಬೇರೆ ಬೇರೆ ಕಣ್ಣು! ಹಾಗಂತ ನಮ್ಮವರೆಲ್ಲ ಕುದುರೆಗಳನ್ನು ಮುದ್ದು ಮಾಡುತ್ತಿದ್ದರು ಅಂತ ಎದೆ ತಟ್ಟಿಕೊಳ್ಳಬೇಡಿ. ನಮ್ಮ ಬಂಡವಾಳವೂ ಮುಂದೆ ಬರುತ್ತೆ.

ಕುದುರೆ ಪಳಗಿಸುವ ಬಗ್ಗೆ ಬರೆದಿಟ್ಟವರಲ್ಲಿ ತುಂಬಾ ಹಳಬ ಕಿಕ್ಕುಲಿ. ಮಿತಾನಿ ದೇಶದವನು, ಹಿಟ್ಟೈಟರಿಗಾಗಿ ರಥದ ಕುದುರೆಗಳ ತರಬೇತಿಯನ್ನು ದಿನದಿನದ ಲೆಕ್ಕದಲ್ಲಿ ಮಣ್ಣಿನ ಫಲಕಗಳ ಮೇಲೆ ಬರೆಸಿದ. ಕ್ರಿ.ಪೂ. 14ನೇ ಶತಮಾನದ ಮಾತು. ಓಟದ ಸುತ್ತುಗಳನ್ನು ಅವನು ಎಣಿಸುವ ಪದಗಳು ಐಕ, ತೇರ, ಪಂಜ, ಸತ್ತ, ನವ... ಟರ್ಕಿಯಲ್ಲಿ ಸಿಕ್ಕಿದ ಫಲಕದಲ್ಲಿ ನಮಗೆ ಗೊತ್ತಿರೋ ಏಕ, ಪಂಚ, ಸಪ್ತ! ಆದರೆ ಅವನದು ರಥದ ಲೆಕ್ಕ, ಮಾರಾಟದ ಲೆಕ್ಕ ಅಲ್ಲ.

ಕೊಳ್ಳುವವನ ಕಣ್ಣಿಂದ ಬರೆದವನು ಗ್ರೀಸಿನ ಕ್ಸೆನೊಫೋನ್, ಸಾಕ್ರೆಟಿಸನ ಶಿಷ್ಯ, ಸ್ವತಃ ರಾವುತ. ಕ್ರಿ.ಪೂ. 4ನೇ ಶತಮಾನದಲ್ಲಿ ಕುದುರೆ ಸವಾರಿ ಮೇಲೆ ಒಂದು ಸಣ್ಣ ಪುಸ್ತಕ ಬರೆದ. ಪಳಗದ ಮರಿಯನ್ನು ಕೊಳ್ಳುವಾಗ ಅದರ ಸ್ವಭಾವ ಗೊತ್ತಾಗುವುದಿಲ್ಲ, ಹಾಗಾಗಿ ಮೈಯನ್ನು ನೋಡು, ಅದರಲ್ಲೂ ಮೊದಲು ಗೊರಸು ನೋಡು ಅನ್ನುತ್ತಾನೆ. ಪಾಯ ಸರಿಯಿಲ್ಲದ ಮನೆ ಎಷ್ಟು ಚೆನ್ನಾಗಿದ್ದರೇನು ಅಂತ. ಆಮೇಲೆ, ಮಗನನ್ನು ಕಸುಬು ಕಲಿಯಲು ಒಬ್ಬರ ಹತ್ತಿರ ಬಿಡುವ ಹಾಗೆ ಮರಿಯನ್ನು ಪಳಗಿಸುವವನ ಹತ್ತಿರ ಬಿಡು, ವಾಪಸ್ ಬರುವಾಗ ಅದಕ್ಕೆ ಏನೇನು ಗೊತ್ತಿರಬೇಕು ಅನ್ನೋದನ್ನು ಬರೆಸಿಕೋ ಅನ್ನುತ್ತಾನೆ. ಇಪ್ಪತ್ತಮೂರು ಶತಮಾನದ ಹಿಂದಿನ ಅಗ್ರಿಮೆಂಟು!

ನನಗೆ ಹಿಡಿಸಿದ್ದು ಅದಕ್ಕಿಂತ ಮುಂಚಿನ ಹೆಜ್ಜೆ. ಮರಿ ಮನೆಯಲ್ಲಿದ್ದಾಗಲೇ ಅದಕ್ಕೆ ಮನುಷ್ಯರ ಮೇಲೆ ಪ್ರೀತಿ ಹುಟ್ಟಬೇಕು. ಹಸಿವು, ಬಾಯಾರಿಕೆ, ನೊಣದ ಕಾಟ ಇವೆಲ್ಲ ಒಂಟಿಯಾಗಿರುವಾಗ. ಮೇವು, ನೀರು, ನೊಣದಿಂದ ಬಿಡುಗಡೆ ಮನುಷ್ಯ ಬಂದಾಗ. ಹೀಗೆ ಅದರ ತಲೆಯಲ್ಲಿ ಕೂರಬೇಕಂತೆ. ಜನಜಂಗುಳಿಯಲ್ಲಿ ನಡೆಸಿಕೊಂಡು ಹೋಗಬೇಕು. ಬೆದರಿದರೆ ಸಿಟ್ಟು ಮಾಡದೆ, ಭಯ ಪಡುವಂಥದ್ದು ಏನೂ ಇಲ್ಲ ಅಂತ ಸಮಾಧಾನದಿಂದ ತೋರಿಸಿಕೊಡಬೇಕು. ನಮ್ಮ ಸಾಬರೂ ಹೊಸ ಮರಿಯನ್ನು ಸಂತೆ ದಿನ ಮಾರ್ಕೆಟ್ಟಿನ ನಡುವೆ ಸುಮ್ಮನೆ ನಡೆಸಿಕೊಂಡು ಹೋಗುತ್ತಿದ್ದರು. ಕ್ಸೆನೊಫೋನನ ಹೆಸರು ಕೇಳಿರಲಿಕ್ಕಿಲ್ಲ ಬಿಡಿ.

ಇದಕ್ಕೆಲ್ಲ ಸಮಯ ಬೇಕು. ಮಾರುವವನಿಗೆ ಸಮಯ ಅಂದರೆ ಖರ್ಚು. ದಿನಾ ಮೇವು ಹಾಕಬೇಕು, ಸಾಯುವ ಅಪಾಯ ತನ್ನ ತಲೆ ಮೇಲೆ. ಕುದುರೆ ವ್ಯಾಪಾರದ ಇತಿಹಾಸ ಪೂರ್ತಿ ಈ ಸಮಯವನ್ನು ಯಾರು ಭರಿಸಬೇಕು ಅನ್ನೋ ಜಗಳ ಅಂತ ನನಗನ್ನಿಸುತ್ತೆ.

ಈಗ ನಮ್ಮ ಕಡೆಯ ಬಂಡವಾಳ. 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ವರ್ಣಿಸುವ ಮಾರ್ಕೋ ಪೋಲೋ, ಅಲ್ಲಿನ ಅರಸರು ಅರಬ್ ಕಡೆಯಿಂದ ವರ್ಷ ವರ್ಷ ಸಾವಿರಾರು ಕುದುರೆ ಕೊಳ್ಳುತ್ತಾರೆ, ವರ್ಷ ಕಳೆಯುವುದರೊಳಗೆ ಹೆಚ್ಚಿನವು ಸತ್ತಿರುತ್ತವೆ ಅನ್ನುತ್ತಾನೆ. ಅನ್ನ, ಬೇಯಿಸಿದ ಮಾಂಸ ತಿನ್ನಿಸುತ್ತಿದ್ದರಂತೆ, ಆರೈಕೆ ಗೊತ್ತಿದ್ದವರು ಯಾರೂ ಇರಲಿಲ್ಲವಂತೆ. ಗೊತ್ತಿದ್ದವರನ್ನು ವ್ಯಾಪಾರಿಗಳು ಈ ಕಡೆ ಬರಲು ಬಿಡುತ್ತಲೂ ಇರಲಿಲ್ಲ. ಕುದುರೆ ಬದುಕಿದರೆ ಮುಂದಿನ ವರ್ಷದ ವ್ಯಾಪಾರ ಹೋಯಿತಲ್ಲ!

ವಿಜಯನಗರದ ಕತೆ ಇನ್ನೂ ಸ್ವಾರಸ್ಯ. ಸಾಳುವ ನರಸಿಂಹ ಹೋರ್ಮುಜ್ ಮತ್ತು ಏಡನ್ನಿನಿಂದ ಕುದುರೆ ತರಿಸಿಕೊಳ್ಳುತ್ತಿದ್ದ, ಸಾವಿರ ಪರ್ದಾವಿಗೆ ಮೂರರ ಲೆಕ್ಕದಲ್ಲಿ, ಸತ್ತದ್ದನ್ನೂ ಬದುಕಿದ್ದನ್ನೂ ಕೊಳ್ಳುತ್ತಿದ್ದ ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ದಾರಿಯಲ್ಲಿ ಸಮುದ್ರದಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು. ವಿಜಯನಗರದ ರಾಯ ವರ್ಷಕ್ಕೆ 13,000 ಕುದುರೆ ಕೊಂಡು, ಒಳ್ಳೆಯದನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ಉಳಿದ ನಾಡಕುದುರೆಗಳನ್ನು ಸಾವಿರ ಪರ್ದಾವಿಗೆ ಐದರಂತೆ ತನ್ನ ನಾಯಕರಿಗೇ ಮಾರುತ್ತಿದ್ದನಂತೆ. ಸೆಪ್ಟೆಂಬರಿನೊಳಗೆ ದುಡ್ಡು ಕಟ್ಟಬೇಕು. ರಾಯರು ಪಕ್ಕಾ ವ್ಯಾಪಾರಸ್ಥರು ಕಣ್ರೀ :-) ಬಾಲಕ್ಕೂ ದುಡ್ಡು ಸಿಗುವ ಕಡೆ ಕುದುರೆಗೆ ಏನು ಗೊತ್ತಿದೆ ಅನ್ನೋದನ್ನು ಯಾರು ಕೇಳ್ತಾರೆ?

ಬ್ರಿಟಿಷರ ಕಾಲಕ್ಕೆ ಸಮುದ್ರದ ದಿಕ್ಕು ಬದಲಾಯಿತು. ಆಸ್ಟ್ರೇಲಿಯಾಕ್ಕೆ ಕುದುರೆ ಕಾಲಿಟ್ಟಿದ್ದೇ 1788ರಲ್ಲಿ, ಮೊದಲ ಹಡಗುಗಳ ಜೊತೆ. ಅಲ್ಲಿನ ಬಯಲಿನಲ್ಲಿ ಚೆನ್ನಾಗಿ ಹೆಚ್ಚಿ, 19ನೇ ಶತಮಾನದಲ್ಲಿ ಇಂಡಿಯಾದ ಸೈನ್ಯಕ್ಕೆ ಹಡಗು ಹಡಗಾಗಿ ಬರತೊಡಗಿದವು. ನ್ಯೂ ಸೌತ್ ವೇಲ್ಸ್‌ನಿಂದ ಬಂದವು ಅಂತ 'ವೇಲರ್' ಅನ್ನೋ ಹೆಸರು ಬಿದ್ದಿದ್ದು ಇಲ್ಲೇ. ಮದ್ರಾಸಿನಲ್ಲಿ ಇಳಿದವುಗಳಲ್ಲಿ ಎಷ್ಟೋ ಕುದುರೆಗಳು ಸೈನ್ಯದ ಡಿಪೋ ಇದ್ದ ನಮ್ಮ ಪಕ್ಕದ ಹೊಸೂರಿಗೆ ಬರುತ್ತಿದ್ದವು.

ಈ ವೇಲರ್‌ಗಳು ಎಳವೆಯಲ್ಲಿ ಮನುಷ್ಯರ ಕೈ ಸೋಕದೆ ಅರೆಕಾಡಾಗಿ ಬೆಳೆದವು. ಮಾರುವ ವಯಸ್ಸಿಗೆ ಹಿಡಿದು ದುಂಡಗಿನ ದೊಡ್ಡಿಗೆ ಕೂಡಿ, ಹಗ್ಗ ಹಾಕಿ, ಕಣ್ಣು ಕಟ್ಟಿ ಜೀನು ಬಿಗಿದು ಒಬ್ಬ ಮೇಲೆ ಹಾರಿ ಕೂರುವುದು. ಕುದುರೆ ಎಗರಿ ಎಗರಿ ಸೋತು ನಿಂತರೆ ಪಾಠ ಮುಗಿಯಿತು. ತಲೆಗಿಷ್ಟು ಅಂತ ಕೂಲಿ ಸಿಗುವ ಕೆಲಸ, ಹಾಗಾಗಿ ಬೇಗ ಮುಗಿದಷ್ಟೂ ಲಾಭ. ಅಲ್ಲಿನ ಮೂಲನಿವಾಸಿಗಳು ಈ ಕೆಲಸದಲ್ಲಿ ಬಹಳ ಗಟ್ಟಿಗರು. ಎಷ್ಟೋ ಕಡೆ ಅವರಿಗೆ ಕೂಲಿಯೂ ಇಲ್ಲ, ಬರೀ ಹಿಟ್ಟು, ಸಕ್ಕರೆ, ಟೀ ಸೊಪ್ಪು, ಹೊಗೆಸೊಪ್ಪು.

ಆಮೇಲೆ ಹಡಗಿನಲ್ಲಿ ಇಕ್ಕಟ್ಟಾದ ಕಟ್ಟೆಯಲ್ಲಿ ವಾರಗಟ್ಟಲೆ ನಿಂತೇ ಪ್ರಯಾಣ, ಮಲಗುವ ಹಾಗಿಲ್ಲ. ಮದ್ರಾಸಿನಲ್ಲಿ ಇಳಿಯುವ ಹೊತ್ತಿಗೆ ಸೊರಗಿ ತಲೆ ತಗ್ಗಿಸಿಕೊಂಡಿದ್ದ ಕುದುರೆ ಎಷ್ಟು ಸಾಧುವಾಗಿ ಕಂಡಿರಬೇಕು, ಯೋಚನೆ ಮಾಡಿ. ಡಿಪೋದಲ್ಲಿ ಮೇವು ತಿಂದು ಮೈ ಕೈ ತುಂಬಿದ ಮೇಲೆ? ಎಗರಿ ಸವಾರನನ್ನು ಎತ್ತಿ ಹಾಕುವುದರಲ್ಲಿ ವೇಲರ್‌ಗಳಿಗೆ ದೊಡ್ಡ ಹೆಸರಿತ್ತು. ಅದು ಜಾತಿಯ ದೋಷ ಅಂದವರುಂಟು. ನನಗಂತೂ ಅದು ದೊಡ್ಡಿಯಲ್ಲಿ ಬಿಟ್ಟುಹೋದ ಪಾಠದ ಬಾಕಿ ಅನ್ನಿಸುತ್ತೆ. ಅದೇ ಜಾತಿಯ ಕುದುರೆಗಳು 1917ರ ಅಕ್ಟೋಬರ್ 31ರಂದು ಬೀರ್‌ಶೆಬಾದಲ್ಲಿ ಸವಾರರನ್ನು ಹೊತ್ತು ಫಿರಂಗಿಗಳಿಗೆ ಎದುರಾಗಿ ಓಡಿದವು! ಈಜಿಪ್ಟಿನಲ್ಲಿ ಆಸ್ಟ್ರೇಲಿಯಾ ಸೈನ್ಯಕ್ಕೆ ಕುದುರೆ ಸಿದ್ಧಮಾಡುವ ದಳದ ಮುಖ್ಯಸ್ಥ ಯಾರು ಗೊತ್ತೇ? ಕವಿ ಬ್ಯಾಂಜೋ ಪ್ಯಾಟರ್ಸನ್. ಆ ಯುದ್ಧಕ್ಕೆ ಆಸ್ಟ್ರೇಲಿಯಾ ಕಳಿಸಿದ ಕುದುರೆಗಳು 1 ಲಕ್ಷ 20 ಸಾವಿರಕ್ಕೂ ಹೆಚ್ಚು. ಊರಿಗೆ ವಾಪಸಾಗಿದ್ದು ಒಂದೇ ಒಂದು, ಸ್ಯಾಂಡಿ.

ವೇಲರ್‌ಗಳ ವ್ಯಾಪಾರ ಜೋರಾಗುತ್ತಿದ್ದ ಕಾಲದಲ್ಲೇ ಅಮೆರಿಕದ ಓಹಾಯೋದ ಹಳ್ಳಿಯ ಜಾನ್ ರೇರಿ ಅನ್ನುವವನು ಇಂಗ್ಲೆಂಡಿಗೆ ಬಂದು ದೊಡ್ಡ ಗದ್ದಲ ಎಬ್ಬಿಸಿದ. ಚಾಟಿ ಬೇಡ, ಸಿಟ್ಟು ಬೇಡ, ಎಂಥಾ ಕುದುರೆಯನ್ನೂ ಪಳಗಿಸುತ್ತೇನೆ ಅಂತ. 1858ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಮಾಡಿ ತೋರಿಸಿದ. ಕ್ರೂಸರ್ ಅಂತ ಒಂದು ಬೀಜದ ಕುದುರೆ, ಹತ್ತಿರ ಹೋದವರನ್ನು ಕಚ್ಚಿ ಸಿಗಿಯುತ್ತೆ ಅಂತ ಮೂತಿಗೆ ಕಬ್ಬಿಣದ ಕುಕ್ಕೆ ಹಾಕಿಟ್ಟಿದ್ದರು. ಮೂರು ಗಂಟೆಯಲ್ಲಿ ರೇರಿ ಅದನ್ನು ಹತ್ತಿ ಕೂತ. ಶ್ರೀಮಂತರು ತಲಾ ಹತ್ತು ಗಿನಿ ಕೊಟ್ಟು, ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟು ಗುಟ್ಟು ಕಲಿತರು. ತಮಾಷೆ ಅಂದರೆ, ಅವನೇ ಹಿಂದೆ ಅಮೆರಿಕದಲ್ಲಿ ಅಚ್ಚು ಹಾಕಿಸಿದ್ದ ಪುಸ್ತಕವನ್ನು ಲಂಡನ್ನಿನ ಪ್ರಕಾಶಕರು ಆರು ಪೆನ್ನಿಗೆ ಮಾರಿಬಿಟ್ಟರು. ಗುಟ್ಟು ಬೀದಿಗೆ ಬಂತು.

ಗುಟ್ಟೇನು? ಮುಂಗಾಲೊಂದನ್ನು ಮಡಿಸಿ ಪಟ್ಟಿ ಬಿಗಿಯುವುದು, ಇನ್ನೊಂದಕ್ಕೂ ಪಟ್ಟಿ ಹಾಕಿ ಎಳೆದು ಮಂಡಿಯೂರಿಸುವುದು, ಒದ್ದಾಡಿ ಸುಸ್ತಾಗಿ ಮಲಗಿದ ಮೇಲೆ ಮೈಯೆಲ್ಲ ಸವರುವುದು. ಹೊಡೆತ ಇಲ್ಲ, ನಿಜ. ಹೊಸ ವಸ್ತುವನ್ನು ಕುದುರೆ ಮೂಸಿ ನೋಡಿ ಅರ್ಥಮಾಡಿಕೊಳ್ಳಲಿ ಅಂತ ಬಿಡುತ್ತಿದ್ದ, ಅದೂ ದೊಡ್ಡ ಮಾತೇ. ಆದರೆ ಕಾಲು ಕಟ್ಟಿಸಿಕೊಂಡು ಬಿದ್ದ ಪ್ರಾಣಿ ಸುಮ್ಮನಾದರೆ ಅದು ನಂಬಿಕೆಯೋ, ಕೈಚೆಲ್ಲಿದ್ದೋ? ಇಂದಿನ ಪ್ರಾಣಿವರ್ತನೆ ತಜ್ಞರು ಎರಡನೆಯದು ಅನ್ನುತ್ತಾರೆ. ಮೂರು ಗಂಟೆ ಅನ್ನುವಲ್ಲೇ ನನಗೆ ಅನುಮಾನ.

ಸಮಯದ ಬೆಲೆ ಚೆನ್ನಾಗಿ ಅರಿತ ಗಿರಾಕಿ ಒಬ್ಬ ನಮ್ಮ ಬೆಂಗಳೂರಿನಲ್ಲೇ ಇದ್ದ. 1896ರಲ್ಲಿ ದಂಡು ಪ್ರದೇಶಕ್ಕೆ ಬಂದ 4ನೇ ಹುಸಾರ್ಸ್ ರೆಜಿಮೆಂಟಿನ ವಿನ್‌ಸ್ಟನ್ ಚರ್ಚಿಲ್. ಹೊಸದಾಗಿ ಬಂದ ರೆಜಿಮೆಂಟಿಗೆ ಪೋಲೋ ಕುದುರೆ ಸಿದ್ಧವಾಗಲು ವರ್ಷಗಳೇ ಬೇಕು. ಚೆಂಡು, ಕೋಲು, ಪಕ್ಕದ ಕುದುರೆಯ ನೂಕಾಟ ಎಲ್ಲಕ್ಕೂ ಎಳೇ ಕುದುರೆ ಒಗ್ಗಬೇಕಲ್ಲ. ಇವರು ಬಾಂಬೆಯಲ್ಲಿ ಇಳಿದ ಕೂಡಲೇ ಪೂನಾ ಲೈಟ್ ಹಾರ್ಸ್‌ನವರ ಪಳಗಿದ 25 ಪೋಲೋ ಕುದುರೆಗಳನ್ನು ಇಡೀ ಗುಂಪಾಗಿ ಕೊಂಡುಬಿಟ್ಟರು. ಎರಡು ತಿಂಗಳೊಳಗೆ ಹೈದರಾಬಾದಿನಲ್ಲಿ ಗೋಲ್ಕೊಂಡಾ ಕಪ್ ಗೆದ್ದರು. ಬೇರೆಯವರು ವರ್ಷಗಟ್ಟಲೆ ಪಟ್ಟ ತಾಳ್ಮೆಯನ್ನು ಚೆಕ್ ಬರೆದು ಕೊಳ್ಳುವುದು ಅಂದರೆ ಇದೇ.

ಈಗ ಚಿಕ್ಕಪ್ಪನ ಕತೆ. ಕಂದು ಮರಿ ನಮ್ಮ ಹಿತ್ತಲಿಗೆ ಬಂತು. ಅಜ್ಜಿ ದಿನಾ ಬೇಯಿಸಿದ ಹುರುಳಿ ಹಾಕಿದರು. ಮೂರು ವಾರಕ್ಕೆ ಮೈ ಮಿರಮಿರ ಮಿಂಚತೊಡಗಿತು. ಜಾತ್ರೆ ದಿನ ಚಿಕ್ಕಪ್ಪ ಜರಿ ಪೇಟ ಸುತ್ತಿಕೊಂಡು ಹೊರಟರು. ತೇರಿನ ಬೀದಿಯಲ್ಲಿ ಡೊಳ್ಳಿನ ಸದ್ದು ಶುರುವಾಗಿದ್ದೇ ತಡ, ಮರಿ ಒಂದು ಸಲ ಮೇಲಕ್ಕೆದ್ದಿತು, ಚಿಕ್ಕಪ್ಪ ಮಂಡಕ್ಕಿ ಅಂಗಡಿ ಮೇಲೆ ಬಿದ್ದರು, ಬಲಗೈ ಮುರಿಯಿತು. ಅಂಗಡಿಯ ಹುಡುಗನ ಹಣೆಗೆ ಏಟಾಗಿ ಹೊಲಿಗೆ ಹಾಕಿಸಬೇಕಾಯಿತು. ಚಿಕ್ಕಪ್ಪನ ಸ್ನೇಹಿತರು ಕುದುರೆಯನ್ನು ಬೇಲಿಗೆ ಕಟ್ಟಿ ಬಾರುಕೋಲಿನಲ್ಲಿ ಬಾರಿಸಿದರು. ನಾನು ನೋಡುತ್ತಾ ನಿಂತಿದ್ದೆ.

ಮಾರನೇ ದಿನ ಬೆಳಿಗ್ಗೆ ಸಾಬರು ತಾವಾಗೇ ಮನೆಗೆ ಬಂದರು. ಅಜ್ಜ ಬೈಯುವ ಮೊದಲೇ, ದುಡ್ಡಿನ ಗಂಟನ್ನು ಜಗುಲಿ ಮೇಲಿಟ್ಟು "ತಪ್ಪು ನಂದೇ ಐನೋರೆ, ಕೊಡಬಾರದಿತ್ತು" ಅಂದರು. ಅಜ್ಜ ಅರ್ಧ ದುಡ್ಡು ಹಿಂದಕ್ಕೆ ತಳ್ಳಿ, "ಬೇಡ ಅಂದ್ರೂ ತಂದೋನು ನಮ್ಮ ಹುಡುಗ" ಅಂದರು.

ಆ ಬೇಸಿಗೆ ಪೂರ್ತಿ ನಾನು ಹೊಳೆ ದಂಡೆಗೆ ಹೋಗಿ ಕೂರುತ್ತಿದ್ದೆ. ಮೊದಮೊದಲು ನೋಡುವಂಥದ್ದು ಏನೂ ಇರಲಿಲ್ಲ. ಕುದುರೆ ಉದ್ದ ಹಗ್ಗದ ಒಂದು ತುದಿಯಲ್ಲಿ, ಸಾಬರು ಇನ್ನೊಂದು ತುದಿಯಲ್ಲಿ ಅದಕ್ಕೆ ಬೆನ್ನು ಹಾಕಿಕೊಂಡು ಮರಳ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಉಳಿದ ಹುಡುಗರಿಗೆ ಬೇಜಾರಾಗಿ ಈಜಲು ಹೋಗುತ್ತಿದ್ದರು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಕುದುರೆ ತಾನೇ ನಡೆದುಬಂದು ಅವರ ಟೋಪಿಯನ್ನು ಮೂಸಿತು. ಅವರು ತಿರುಗಿ ನೋಡಲಿಲ್ಲ.