ಸೋಪಿನ ಪುಡಿಯ ಹಾಡು

ವೈದ್ಯನಾಥಪುರದ ಶಿಂಷಾ ದಂಡೆಯಲ್ಲಿ ಬಟ್ಟೆ ಒಗೆಯುವಾಗ ನಮ್ಮವ್ವ ಈಗಲೂ ನಿರ್ಮಾ ಜಾಹೀರಾತಿನ ಹಾಡು ಗುನುಗುತ್ತಾಳೆ. ಕೈಯಲ್ಲಿರುವುದು ಬೇರೆ ಕಂಪನಿಯ ಸೋಪು. ಯಾಕವ್ವಾ ಎಂದರೆ, ‘ಒಗೆಯೋಕೆ ತಾಳ ಸರ್ಯಾಗ್ ಕೂತ್ಕತದೆ ಕನ್ ಮಗ’ ಅನ್ನುತ್ತಾಳೆ.

ವಿವಿಧ ಭಾರತಿ ಶುರುವಾದದ್ದು 1957ರಲ್ಲಿ. ಅಲ್ಲಿ ಜಾಹೀರಾತಿಗೆ ಅವಕಾಶ ಸಿಕ್ಕಿದ್ದು 1967ರಲ್ಲಿ. ನಿರ್ಮಾ ಹಾಡು 1975ರಲ್ಲಿ ರೇಡಿಯೋಗೆ, 1982ರಲ್ಲಿ ಟೀವಿಗೆ ಬಂತು. ಬಿಳಿ ಫ್ರಾಕಿನ ಹುಡುಗಿ ಗಿರ್ರನೆ ತಿರುಗುತ್ತಾಳೆ, ಹೆಸರು ಮತ್ತೆ ಮತ್ತೆ ಬರುತ್ತದೆ, ಅಷ್ಟೇ. ಹಿಂದಿ ಬಾರದ ಅವ್ವನಿಗೆ ಅರ್ಥದ ಹಂಗಿರಲಿಲ್ಲ. ಕೆಲಸದ ಕೈಗೆ ತಾಳ ಕೊಡುವುದರಲ್ಲಿ ಅದು ರಾಗಿ ಬೀಸುವ ಪದದ ನೆಂಟ.

ಇತಿಹಾಸದ ಸಂಶೋಧಕನಾಗಿ ನಾನು ಹುಡುಕುವುದು ಶಾಸನ, ಕಡತ. ಅವ್ವ ಯಾವುದರಲ್ಲೂ ಇಲ್ಲ. ಈ ಹಾಡನ್ನು ಮೊದಲು ಎಲ್ಲಿ ಕೇಳಿದೆ ಎಂದು ವಿಚಾರಿಸಿದೆ. ತವರಿನಲ್ಲಿ ಟೀವಿ ಇದ್ದದ್ದು ಒಂದೇ ಮನೆಯಲ್ಲಂತೆ. ಇವಳ ಕೇರಿಯ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯಾಚೆ ನಿಂತು ನೋಡಿದರಂತೆ. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಹೇಳದಿದ್ದ ಮಾತು.

ಈಗ ಹಳ್ಳಿಗಳಲ್ಲಿ ಹಿರಿಯರನ್ನು ‘ನಿಮ್ಮ ಕಾಲ ಹೇಗಿತ್ತು’ ಎಂದು ಕೇಳುವುದಿಲ್ಲ. ಯಾವ ಜಾಹೀರಾತಿನ ಹಾಡು ನೆನಪಿದೆ ಎನ್ನುತ್ತೇನೆ. ನಗುತ್ತಾರೆ, ಹಾಡುತ್ತಾರೆ. ಆಮೇಲೆ, ಎಲ್ಲಿ ನಿಂತು ಕೇಳಿದ್ದೆಂದು ಹೇಳುತ್ತಾರೆ.